ಹದಿನೇಳನೆಯ ಕ್ಲಿಕ್ಕು

ಆಂಬ್ಯುಲೆನ್ಸ್ ಕರೆಗಳನ್ನು ಹಂಚುವ ಕಚೇರಿಯೊಂದರಲ್ಲಿ ಒಂದು ಮೌಸ್ ಇತ್ತು. ಆ ಕರೆಗಳನ್ನು ಸ್ವೀಕರಿಸಲು ಕ್ಲೌಡ್‌ನಲ್ಲಿ ಬಾಡಿಗೆಗೆ ಪಡೆದಿದ್ದ ಸರ್ವರುಗಳನ್ನೆಲ್ಲ ಕಟ್ಟಿದ್ದು ತಾನೇ ಎಂದು ಅದಕ್ಕೆ ಜಂಬ. ಅದೇ ಸರ್ವರುಗಳನ್ನು ಕಟ್ಟುವ ವಿಧಾನವನ್ನು ಸಾಲು ಸಾಲಾಗಿ ಬರೆಸಿಕೊಳ್ಳುತ್ತಿದ್ದ ಕೋಡಿನ ಫೈಲನ್ನು ಕಂಡು ಅದು ನಕ್ಕಿತು.

“ಮೂರು ವಾರದಿಂದ ಬರೆಸಿಕೊಳ್ಳುತ್ತಲೇ ಇದ್ದೀಯ. ನಾನು ನಲವತ್ತು ಕ್ಲಿಕ್ಕಿನಲ್ಲಿ ಮುಗಿಸಿದ್ದೆ.”

“ಹದಿನೇಳನೆಯ ಕ್ಲಿಕ್ಕು ಯಾವುದು?” ಎಂದು ಫೈಲು ಕೇಳಿತು.

“ಅದೆಲ್ಲ ಯಾರಿಗೆ ನೆನಪಿರುತ್ತದೆ? ಕೆಲಸ ನಡೆಯುತ್ತಿದೆಯಲ್ಲ.”

ಮರುದಿನ ಬೆಳಿಗ್ಗೆ ಯಾರದೋ ಕೈತಪ್ಪಿನಿಂದ ಸರ್ವರುಗಳೆಲ್ಲ ಅಳಿಸಿಹೋದವು. ಬರೆದಂತೆಯೇ ಎಲ್ಲವನ್ನೂ ಮತ್ತೆ ಕಟ್ಟಲೆಂದು ಇಂಜಿನಿಯರ್ ನಫೀಸಾ ಫೈಲನ್ನು ಓಡಿಸಿದಳು. ಹತ್ತು ನಿಮಿಷದಲ್ಲಿ ಎಲ್ಲವೂ ಎದ್ದು ನಿಂತವು, ಆದರೆ ಒಂದು ಕರೆಯೂ ಒಳಗೆ ಬರಲಿಲ್ಲ.

“ಕರೆಗಳು ಒಳಬರುವ ಯಾವುದೋ ದಾರಿಯನ್ನು ನೀನು ಕ್ಲಿಕ್ಕಿಸಿ ತೆರೆದು, ಅದನ್ನು ನನ್ನಲ್ಲಿ ಬರೆಸದೆ ಬಿಟ್ಟಿದ್ದೀಯ,” ಎಂದಿತು ಫೈಲು.

ಮುಚ್ಚಿದ ದಾರಿಗಳನ್ನು ಒಂದೊಂದಾಗಿ ತಡಕಲು ನಫೀಸಾಗೆ ಅರ್ಧ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಊರಿನ ಜನ ಆಂಬ್ಯುಲೆನ್ಸಿಗೆ ಕರೆ ಮಾಡುತ್ತಲೇ ಇದ್ದರು. ಕೊನೆಗೂ ದಾರಿ ಸಿಕ್ಕಿತು.

“ಒಂದು ಕ್ಲಿಕ್ಕು ಸಾಕು, ತೆರೆದುಬಿಡುತ್ತೇನೆ,” ಎಂದಿತು ಮೌಸ್.

“ಒಂದು ಸಾಲೂ ಸಾಕು. ಬರೆಸು.”

ನಫೀಸಾ ಆ ಸಾಲು ಬರೆದು ಫೈಲನ್ನು ಮತ್ತೆ ಓಡಿಸಿದಳು. ಫೋನುಗಳು ಒಟ್ಟಿಗೇ ರಿಂಗಾದವು. ಮೌಸ್ ನಿಟ್ಟುಸಿರು ಬಿಟ್ಟಿತು. ಫೈಲು ಮಾತ್ರ ಬಿಡಲಿಲ್ಲ.

“ಪಕ್ಕದಲ್ಲಿ ಇಂಥದ್ದೇ ಸರ್ವರುಗಳ ಇನ್ನೊಂದು ಗುಂಪು ಕಟ್ಟೋಣ. ಪೂರ್ತಿ ಕೆಡವೋಣ. ಮತ್ತೆ ಕಟ್ಟಿ, ಇನ್ನೇನಾದರೂ ಬರೆಸದೆ ಉಳಿದಿದೆಯೇ ನೋಡೋಣ.”

“ಯಾಕೆ ಮತ್ತೆ? ಕೆಲಸ ನಡೆಯುತ್ತಿದೆಯಲ್ಲ.”

“ನಿನ್ನೆಯೂ ನೀನು ಇದನ್ನೇ ಹೇಳಿದ್ದೆ,” ಎಂದಿತು ಫೈಲು.