ಮೊರದ ಮರೆಯ ಎಡೆ

ಬಿದಿರು ಮೆಳೆಯೇ ಬೇಲಿಯಾಗಿದ್ದ ಒಂದು ಕಾಡಿನಲ್ಲಿ ಸಾವಂತ್ರಮ್ಮ ಅನ್ನುವ ಪುನುಗು ಬೆಕ್ಕು ಇತ್ತು. ಹಬ್ಬದೂಟ ಹಾಕುವುದರಲ್ಲಿ ಅವಳನ್ನು ಮೀರಿಸುವವರು ಆ ಸುತ್ತಿನಲ್ಲಿ ಇರಲಿಲ್ಲ. "ಅವಸರ ಬೇಡ, ಸಂಕೋಚ ಬೇಡ. ಕಾಲು ಚಾಚಿ ಕೂತು ಉಣ್ಣಿ, ಇದು ನಿಮ್ಮನೆ" ಅನ್ನುತ್ತಿದ್ದಳು. ಜೊತೆಗೆ ಮೈಯ ಘಮಲು ಬೇರೆ. ಆ ಘಮಲಿನ ಅಡಿಯಲ್ಲಿ ಏನು ಕೊಳೆಯುತ್ತಿತ್ತು ಅಂತ ಮೂಗಿದ್ದವರೂ ಮೂಸಿ ನೋಡಲಿಲ್ಲ.

ಕಾಡಿಗೆ ಒಂದು ಕಟ್ಟಳೆ ಇತ್ತು. ಹಸಿದವರು ಬೇಟೆಯಾಡಲಿ, ತಪ್ಪಿಲ್ಲ. ಆದರೆ ತಾವೇ ಊಟಕ್ಕೆ ಕರೆದು ಎಲೆ ಹಾಕಿದ ಅತಿಥಿಯ ಮೈಗೆ ಮಾತ್ರ ಬಾಯಿ ಹಾಕುವಂತಿಲ್ಲ.

ಅದೇ ಕಾಡಿನಲ್ಲಿ ಚಿಕ್ಕತಾಯಿ ಅನ್ನುವ ಕೌಜುಗದ ಹಕ್ಕಿ ಇತ್ತು. ಅವಳ ಗಂಡ ಜವರಯ್ಯ ಮುಂಗಾರಿನಲ್ಲಿ ಮನೆಯಿಂದ ಹೊರಟವನು ಮತ್ತೆ ಬರಲಿಲ್ಲ. "ಹೊಳೆಯಾಚೆ ಒಬ್ಬಳು ಕಾಡುಕೋಳಿ ಇದ್ದಾಳಲ್ಲ, ಅವಳ ಹಿಂದೆ ಓಡಿಹೋದ. ನಾನೇ ಕಣ್ಣಾರೆ ಕಂಡೆ" ಅಂದಳು ಸಾವಂತ್ರಮ್ಮ. ಕಾಡಿಗೆ ಅಷ್ಟು ಸಾಕಾಯಿತು. ಮುಳ್ಳುಹಂದಿ ಕಾಳಮ್ಮ ಅದಕ್ಕೆ ಒಗ್ಗರಣೆ ಹಾಕಿ ಮನೆಮನೆಗೂ ಬಡಿಸಿದಳು. ಆ ಕೋಳಿ ಆಗಲೇ ಮೊಟ್ಟೆಗೆ ಕೂತಿದ್ದಾಳಂತೆ ಅಂತಲೂ ಸೇರಿಸಿದಳು.

ಚಿಕ್ಕತಾಯಿ ನೀರಿಗೆ ಹೋದರೆ ಹಿಂದೆ ಕಿಸಿಕಿಸಿ ನಗು. ಅವಳು ತಲೆ ತಗ್ಗಿಸಿ ಬರುತ್ತಿದ್ದಳು. ಗಂಡ ತನ್ನನ್ನು ಬೇಡವೆಂದು ಬಿಟ್ಟುಹೋದನೋ, ಇಲ್ಲ ಅವನಿಗೇ ಏನಾದರೂ ಆಯಿತೋ? ಅದೊಂದು ತಿಳಿಯದೆ ಅವಳಿಗೆ ಕಾಳು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಹಿರಿಯರ ಹಬ್ಬ ಬಂತು. ಸತ್ತವರಲ್ಲಿ ಒಬ್ಬೊಬ್ಬರ ಹೆಸರಿಗೂ ಒಂದೊಂದು ಎಲೆ ಹಾಕಿ, ಅವರು ಇಷ್ಟಪಟ್ಟು ತಿನ್ನುತ್ತಿದ್ದುದನ್ನೇ ಬಡಿಸಿ, ಆ ಎಡೆಗೆ ಅಡ್ಡಬಿದ್ದ ಮೇಲೆ ಉಳಿದವರು ಉಣ್ಣುವ ಹಬ್ಬ. ಸಾವಂತ್ರಮ್ಮ ನೆಂಟರು, ಗೆಳೆಯರು ಎಲ್ಲರನ್ನೂ ಕರೆದಳು, ಅವರ ಹಿರಿಯರಿಗೂ ತನ್ನ ಮನೆಯಲ್ಲೇ ಎಡೆ ಇಟ್ಟಳು. ಚಿಕ್ಕತಾಯಿಯನ್ನೂ ಬಿಡಲಿಲ್ಲ.

"ಬಾ ತಂಗಿ. ಹೋದವನ ಚಿಂತೆ ಬಿಡು. ನಾಲ್ಕು ಜನರ ಜೊತೆ ಕೂತು ಉಂಡರೆ ಮನಸ್ಸು ಹಗುರಾಗುತ್ತೆ" ಅಂದಳು.

"ಆ ಕೋಳಿಯನ್ನೂ ಕರೆದಿದ್ದರೆ ಇವಳಿಗೆ ಗಂಡನ ಮುಖಾನೂ ಕಾಣಿಸ್ತಿತ್ತು" ಅಂದಳು ಕಾಳಮ್ಮ, ಮುಳ್ಳು ಅಲ್ಲಾಡಿಸುತ್ತಾ.

ಚಿಕ್ಕತಾಯಿ ಅಡ್ಡಬೀಳಲು ಒಳಗೆ ಹೋದಳು. ಎಡೆಗಳು ಸಾಲಾಗಿದ್ದವು. ಕರಡಿ ದೊಡ್ಡಯ್ಯನ ಅಪ್ಪನಿಗೆ ಜೇನುತಟ್ಟಿ. ಕಾಳಮ್ಮನ ಅಜ್ಜಿಗೆ ಗೆಣಸು. ಸಾವಂತ್ರಮ್ಮನ ಅತ್ತೆಗೆ ಹೊಳೆಮೀನು. ಅಲ್ಲೇ ಮೂಲೆಯಲ್ಲಿ ಒಂದು ಮೊರ ಒರಗಿಸಿತ್ತು. ಅದರ ಮರೆಯಲ್ಲಿ ಇನ್ನೊಂದು ಪುಟ್ಟ ಎಲೆ. ಎಲೆಯ ಮೇಲೆ ಸಾಮೆ ಅನ್ನ, ಅನ್ನದ ಮೇಲೆ ಬೀಜ ಬಿಡಿಸಿದ ಕಾರೆಹಣ್ಣು.

ಚಿಕ್ಕತಾಯಿ ಮೊರ ಸರಿಸಿ ನೋಡಿದಳು. ಸಾಮೆ ಅನ್ನಕ್ಕೆ ಕಾರೆಹಣ್ಣು ಕಲಸಿ, ಅದರಲ್ಲೂ ಬೀಜ ಬಿಡಿಸಿ ತಿನ್ನುತ್ತಿದ್ದವನು ಆ ಕಾಡಿನಲ್ಲಿ ಒಬ್ಬನೇ. ಎಷ್ಟೋ ಬೆಳಗ್ಗೆ ಅವಳೇ ಕೂತು ಬಿಡಿಸಿಕೊಟ್ಟಿದ್ದಳು.

"ಅಕ್ಕಾ, ಇದು ಯಾರ ಎಡೆ?"

ಸಾವಂತ್ರಮ್ಮನ ಬಾಲ ನಿಂತಲ್ಲೇ ನಿಂತಿತು. "ನಮ್ಮತ್ತೆದು ಕಣೇ."

"ನಿಮ್ಮತ್ತೆ ಎಡೆ ಆ ಕಡೆ ಇದೆ. ಅವರು ಹಣ್ಣು ಮುಟ್ಟಿದವರಲ್ಲ."

"ಸರಿ, ನಿನ್ನ ಗಂಡನಿಗೇ ಇಟ್ಟೆ. ಪಾಪ, ಎಲ್ಲಿ ಹಸಿದಿದ್ದಾನೋ ಅಂತ. ಒಳ್ಳೇದು ಮಾಡಿದರೂ ತಪ್ಪೇ?"

ಉಣ್ಣಲು ಕೂತಿದ್ದವರೆಲ್ಲ ಇತ್ತ ತಿರುಗಿದರು. ಹಿರಿಯನಾದ ಕರಡಿ ದೊಡ್ಡಯ್ಯ ಎಲೆಯ ಮುಂದಿನಿಂದ ಎದ್ದು ಬಂದ.

"ಬದುಕಿರುವವನಿಗೆ ಯಾರೂ ಎಡೆ ಇಡಲ್ಲ ಸಾವಂತ್ರಿ. ಹೊಳೆಯಾಚೆ ಸಂಸಾರ ಹೂಡಿದ್ದಾನೆ ಅಂತ ನೀನೇ ಹೇಳಿದವಳು. ಅವನು ಸತ್ತಿದ್ದು ನಿನಗೆ ಹೇಗೆ ಗೊತ್ತಾಯಿತು?"

ಸಾವಂತ್ರಮ್ಮ ಸೂರಿನ ಕಡೆ ಕಣ್ಣೆತ್ತಿದಳು.

"ದಿನಾ ಬೆಳಗಿನ ಜಾವ ಸೂರಿನ ಮೇಲೆ ಬಂದು ಕೂಗ್ತಾನೆ. ಒಂದು ತುತ್ತು ಇಟ್ಟರೆ ಸುಮ್ಮನಾಗ್ತಾನೆ ಅಂದ್ಕೊಂಡೆ."

"ಅವತ್ತು ಅವರು ಇಲ್ಲಿಗೆ ಬಂದಿದ್ರಾ?" ಅಂತ ಕೇಳಿದಳು ಚಿಕ್ಕತಾಯಿ.

"ಊಟಕ್ಕೆ ಕರೆದಿದ್ದೆ. ಬಡಿಸಿದ್ದೆ. ಹೊಟ್ಟೆ ತುಂಬಿ ಇಲ್ಲೇ ತೂಕಡಿಸಿದ. ಕೊರಳು ಹತ್ತಿರದಲ್ಲೇ ಇತ್ತು."

ಯಾರೂ ಉಣ್ಣಲಿಲ್ಲ. ಒಬ್ಬೊಬ್ಬರಾಗಿ ಎದ್ದರು. ದೊಡ್ಡಯ್ಯ ಜೇನುತಟ್ಟಿ ಎತ್ತಿಕೊಂಡ. ಎಲ್ಲರೂ ತಮ್ಮ ತಮ್ಮ ಹಿರಿಯರ ಎಡೆ ಎತ್ತಿಕೊಂಡರು. ಕಾಳಮ್ಮ ಚಿಕ್ಕತಾಯಿಯ ಹತ್ತಿರ ಬಂದು, "ಎಲೆ ಭಾರ ಇದೆ, ನಾನು ಹಿಡೀಲಾ?" ಅಂದಳು.

"ಬೇಡಿ. ಅವರು ಅವರ ಮನೇಲೇ ಉಣ್ಣಲಿ" ಅಂದಳು ಚಿಕ್ಕತಾಯಿ. ಎಲೆಯ ತುದಿಯನ್ನು ಕೊಕ್ಕಿನಲ್ಲಿ ಕಚ್ಚಿ, ಒಂದು ಅಗುಳೂ ಚೆಲ್ಲದ ಹಾಗೆ ಎಳೆದುಕೊಂಡು ಹೋದಳು. ತಲೆ ತಗ್ಗಿತ್ತು, ಆದರೆ ಎಲೆಯ ಭಾರಕ್ಕೆ.

ಆಮೇಲೂ ಸಾವಂತ್ರಮ್ಮ ಹಬ್ಬಹಬ್ಬಕ್ಕೆ ಅಡುಗೆ ಮಾಡಿದಳು, ಎಲೆ ಹಾಕಿದಳು, ಬಾಗಿಲಲ್ಲಿ ನಿಂತು ಕರೆದಳು. ಯಾರೂ ಆ ಕಡೆ ಸುಳಿಯಲಿಲ್ಲ. ಬೆಳಗಿನ ಜಾವದ ಕೂಗೂ ನಿಲ್ಲಲಿಲ್ಲ. ಒಂದು ಮಾಗಿಯಲ್ಲಿ ಅವಳು ಒಬ್ಬಳೇ ಸತ್ತಳು. ಮರುವರ್ಷದ ಹಿರಿಯರ ಹಬ್ಬದಲ್ಲಿ ಕಾಡಿನ ತುಂಬ ಎಡೆಗಳಿದ್ದವು. ಅವಳ ಹೆಸರಿಗೆ ಒಂದು ಎಲೆಯನ್ನೂ ಯಾರೂ ಕೊಯ್ಯಲಿಲ್ಲ.

ನೀತಿ: ನಂಬಿ ಉಣ್ಣಲು ಬಂದವರಿಗೆ ದ್ರೋಹ ಮಾಡಿದವರು ಆಮೇಲೆ ಎಷ್ಟು ಬಡಿಸಿದರೂ ಆ ಪಾಪ ತೀರುವುದಿಲ್ಲ, ಅವರು ಬಚ್ಚಿಟ್ಟಿದ್ದನ್ನು ಅವರ ಭಯವೇ ಹೊರಗೆ ಹಾಕುತ್ತದೆ.