ಬಿಡದಕ್ಕನ ತೂಬು

ತೊರೆಹಟ್ಟಿಯ ಹಳೇ ಕೆರೆಯಲ್ಲಿ ಈಗ ನೀರಿಲ್ಲ. ಅರ್ಧ ಮೈಲಿ ಉದ್ದದ ಮಣ್ಣಿನ ಏರಿ ಬಡಗಣ ತುದಿಯಲ್ಲಿ ಹಲ್ಲು ಬಿದ್ದ ಬಾಯಿಯಂತೆ ಕಿತ್ತುಹೋಗಿದೆ. ಕೆರೆಯಂಗಳದಲ್ಲಿ ಜಾಲಿ ಬೆಳೆದು ಕುರಿಗಳು ಮೇಯುತ್ತವೆ. ಏರಿಯ ನಡುಭಾಗದಲ್ಲಿ, ಒಳಮಗ್ಗುಲಿಗೆ, ತೂಬಿನ ಎರಡು ಕಲ್ಲುಗಂಬಗಳು ಮಾತ್ರ ನೆಟ್ಟಗೆ ನಿಂತಿವೆ. ಎಡಗಂಬದ ಮೈಯಲ್ಲಿ ಹೆಬ್ಬೆರಳು ಹೂತುಹೋಗುವಷ್ಟು ಆಳದ ಸವೆತವಿದೆ. ಇದನ್ನು ಜನ ಬಿಡದಕ್ಕನ ತೂಬು ಎನ್ನುತ್ತಾರೆ. ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಇಲ್ಲಿಗೆ ಬಂದು, ಜೀವ ಕೈಬಿಟ್ಟು ಹೋಗದಿರಲಿ ಎಂದು ಕಂಬಕ್ಕೆ ಹಳದಿ ದಾರ ಸುತ್ತಿ ಬಿಗಿಯಾಗಿ ಗಂಟು ಹಾಕುತ್ತಾರೆ. ಪಕ್ಕದ ಫಲಕದಲ್ಲಿ, ತಂದೆಯ ಪ್ರಾಣ ಉಳಿಸಿದ ಮಗಳ ಸ್ಥಳವಿದು ಎಂದು ನಾಲ್ಕು ಸಾಲು ಬರೆದಿದೆ. ಫಲಕಕ್ಕೇನು, ಜಾಗ ಇದ್ದಷ್ಟು ಹೇಳಿ ಸುಮ್ಮನಾಗುತ್ತದೆ.

ಹೋದ ಮಾಘದಲ್ಲಿ ಒಂದು ಬೆಳಿಗ್ಗೆ, ಬಸ್ ಕಂಡಕ್ಟರ್ ಶಶಿರೇಖಾ ಒಂದು ದಿನದ ರಜೆ ಹಾಕಿ ತನ್ನ ಅಪ್ಪನನ್ನು ಇಲ್ಲಿಗೆ ಕರೆತಂದಳು. ಅಪ್ಪ ರಂಗಧಾಮಪ್ಪನವರು ಮೂವತ್ತು ವರ್ಷ ಶಾಲೆಯಲ್ಲಿ ಚಿತ್ರ ಬರೆಯುವುದನ್ನು ಕಲಿಸಿದ ಮೇಷ್ಟ್ರು. ತೊರೆಹಟ್ಟಿ ಅವರ ಅಜ್ಜಿಯ ಊರು. ಹೊಟ್ಟೆಯ ಗೆಡ್ಡೆಗೆಂದು ಅದರ ಹಿಂದಿನ ವರ್ಷ ಒಂದು ಆಪರೇಷನ್ ಆಗಿತ್ತು. ಅದಾದ ಮೇಲೆ ಮೇಷ್ಟ್ರು ಅನ್ನ ಕಂಡರೆ ಮುಖ ತಿರುಗಿಸುವಂತಾದರು. ಅಂಗಿ ಮೊಳೆಗೆ ತೂಗುಹಾಕಿದ ಹಾಗೆ ಮೈಮೇಲೆ ಜೋಲುತ್ತಿತ್ತು. ಈಗ ಗೆಡ್ಡೆ ಮತ್ತೆ ಬಂದಿತ್ತು. ಎರಡನೆಯ ಆಪರೇಷನ್ನಿಗೆ ಶಶಿರೇಖಾ ಸೋಮವಾರ ಗೊತ್ತುಮಾಡಿದ್ದಳು. ಡಾಕ್ಟರು "ನೋಡೋಣ" ಎಂದಷ್ಟೇ ಹೇಳಿದ್ದರು. ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ ಎಂಬಂತೆ ಅವಳು ಆ ಒಂದು ಮಾತನ್ನು ಹಿಡಿದುಕೊಂಡಿದ್ದಳು. ಆಸ್ಪತ್ರೆಗೆ ಸೇರುವ ಮೊದಲು ತೂಬನ್ನು ಒಮ್ಮೆ ತೋರಿಸು ಎಂದು ಕೇಳಿದವರು ಅಪ್ಪನೇ. ಹರಕೆಗೇ ಇರಬೇಕೆಂದುಕೊಂಡು ಅವಳು ಏರಿಯ ಕೆಳಗಿನ ಅಂಗಡಿಯಲ್ಲಿ ಹಳದಿ ದಾರ ಕೊಂಡು ಚೀಲದಲ್ಲಿಟ್ಟುಕೊಂಡಿದ್ದಳು.

ಕಂಬಕ್ಕೆ ಒರಗಿ ಕೂತು, ಉಸಿರು ಸುಧಾರಿಸಿಕೊಂಡು, ಮೇಷ್ಟ್ರು ಅಜ್ಜಿಯಿಂದ ಕೇಳಿದ ಕಥೆಯನ್ನು ಮಗಳಿಗೆ ಹೇಳಿದರು.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಈ ಕೆರೆಗೆ ಗಿಡ್ಡಯ್ಯ ಎಂಬ ನೀರಗಂಟಿ ಇದ್ದನಂತೆ. ನೀರಗಂಟಿ ಎಂದರೆ ತೂಬು ಕಾಯುವವನು. ಸೊಂಟಕ್ಕೆ ಹಗ್ಗ ಬಿಗಿದು ಕೆರೆಯ ತಳಕ್ಕೆ ಮುಳುಗಿ, ತೂಬಿನ ಬಾಯಿಗೆ ಜಡಿದ ಮರದ ಬೆಣೆಯನ್ನು ಕೀಳುವುದು ಅವನ ಕೆಲಸ. ಹಗ್ಗದ ಇನ್ನೊಂದು ತುದಿ ದಡದಲ್ಲಿ ಒಬ್ಬರ ಕೈಯಲ್ಲಿರುತ್ತಿತ್ತು. ಅವನು ಕೆಳಗಿನಿಂದ ಒಮ್ಮೆ ಜಗ್ಗಿದರೆ ಹಗ್ಗ ಬಿಡು ಎಂದರ್ಥ, ಎರಡು ಸಲ ಜಗ್ಗಿದರೆ ಮೇಲಕ್ಕೆಳೆ ಎಂದರ್ಥ. ನೀರಗಂಟಿಯ ಹಗ್ಗವನ್ನು ಅವನ ರಕ್ತಸಂಬಂಧಿಯೇ ಹಿಡಿಯಬೇಕೆಂದು ಊರವರು ಕಟ್ಟಳೆ ಮಾಡಿದ್ದರು. ಬೇರೆಯವರಾದರೆ ಮೈಮರೆತು ಬಿಟ್ಟಾರೆಂಬ ಭಯ. ಹಾಗಾಗಿ ಹಗ್ಗ ಅವನ ಮಗಳು ಈರಕ್ಕನ ಕೈಯಲ್ಲಿತ್ತು.

"ನಿನ್ ಸೀಟಿ ಇದ್ದಂಗೆ ಕಣವ್ವ," ಎಂದರು ಮೇಷ್ಟ್ರು. "ನೀನು ಒಂದು ಊದಿದ್ರೆ, ಡ್ರೈವರ್ ಯಾಕೆ ಅಂತ ಕೇಳ್ತಾನಾ?"

"ಕೇಳ್ತಾ ಕೂತ್ರೆ ಬಸ್ಸು ಊರು ಸೇರ್ದಂಗೇ," ಎಂದು ಶಶಿರೇಖಾ ನಕ್ಕಳು.

ಆ ವರ್ಷ ಮಳೆ ಮೂರು ಹಗಲು ಮೂರು ರಾತ್ರಿ ಹಿಡಿಯಿತು. ಕೋಡಿ ಹರಿದರೂ ನೀರು ಇಳಿಯಲಿಲ್ಲ; ಏರಿ ಬೆವರತೊಡಗಿತು. ತೂಬು ತೆಗೆದರೆ ಮಾತ್ರ ಏರಿ ಉಳಿಯುತ್ತಿತ್ತು. ಗಿಡ್ಡಯ್ಯನಿದ್ದಾನೆ, ತೆಗೆದೇ ತೆಗೆಯುತ್ತಾನೆ ಎಂಬ ನಂಬಿಕೆಯಲ್ಲಿ ಏರಿಯ ಅಡಿಯಲ್ಲಿದ್ದ ಕೆಳಹಟ್ಟಿಯ ಜನ ಮನೆ ಬಿಟ್ಟಿರಲಿಲ್ಲ. ಗಿಡ್ಡಯ್ಯ ಮುಳುಗಿದ. ಒಮ್ಮೆ ಜಗ್ಗಿದ, ಈರಕ್ಕ ಹಗ್ಗ ಬಿಟ್ಟಳು. ಮತ್ತೆ ಒಮ್ಮೆ ಜಗ್ಗಿದ, ಮತ್ತೆ ಬಿಟ್ಟಳು. ಬಹಳ ಹೊತ್ತಾಯಿತು. ಮನುಷ್ಯನ ಉಸಿರು ಎಷ್ಟು ಹೊತ್ತು ನಿಂತೀತೆಂದು ನೀರಗಂಟಿಯ ಮಗಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮೂರನೆಯ ಸಲವೂ ಹಗ್ಗ ಒಮ್ಮೆಯೇ ಜಗ್ಗಿತು. ಇನ್ನು ಬಿಟ್ಟರೆ ಅಪ್ಪ ಮೇಲೆ ಬರುವುದಿಲ್ಲ. ಈರಕ್ಕ ಹಗ್ಗವನ್ನು ಈ ಕಂಬಕ್ಕೆ ಸುತ್ತಿ, ಕಾಲು ಕೊಟ್ಟು, ಅಂಗೈ ಹರಿದು ರಕ್ತ ಬರುವಂತೆ ಎಳೆದಳು. ಹೆತ್ತವನ ಹಗ್ಗ ಹಿಡಿದ ಕೈ ಮೈಮರೆಯಲಾರದು, ನಿಜ. ಆದರೆ ಬಿಡಲೂ ಆರದು ಎಂಬುದು ಕಟ್ಟಳೆ ಮಾಡಿದ ಹಿರಿಯರ ತಲೆಗೆ ಹೊಳೆದಿರಲಿಲ್ಲ.

ಗಿಡ್ಡಯ್ಯ ಜೀವಸಹಿತ ಮೇಲೆ ಬಂದ. ಬೆಣೆ ಅರ್ಧ ಸಡಿಲಾಗಿತ್ತಷ್ಟೆ. ಅವನು ನೀರು ಕಕ್ಕಿ ಕಣ್ಣು ಬಿಡುವಷ್ಟರಲ್ಲಿ ಏರಿಯ ಬಡಗಣ ತುದಿ ಒಡೆದು ಕೆಳಹಟ್ಟಿ ತೊಳೆದುಹೋಗಿತ್ತು. ನಲವತ್ತು ಮನೆ. ಅದರಲ್ಲೊಂದು ಗಿಡ್ಡಯ್ಯನದೇ, ಒಳಗೆ ಅವನ ಹೆಂಡತಿ, ಈರಕ್ಕನ ತಾಯಿ, ಒಲೆ ಮುಂದೆ ಕೂತಿದ್ದಳು.

"ಫಲಕದವ್ರು ಅಪ್ಪ ಬದುಕ್ದ ಅಂತ ಅಷ್ಟಕ್ಕೇ ನಿಲ್ಲಿಸ್ಬಿಟ್ಟವ್ರೆ," ಎಂದರು ಮೇಷ್ಟ್ರು. "ಮುಂದಿನದು ಕೇಳು."

ಗಿಡ್ಡಯ್ಯ ಇನ್ನೂ ಒಂಬತ್ತು ವರ್ಷ ಬದುಕಿದನಂತೆ. ಮಗಳು ಇಟ್ಟ ಮುದ್ದೆ ಉಂಡ. ಅವಳೊಡನೆ ಒಂದು ಮಾತೂ ಆಡಲಿಲ್ಲ. ದಿನವೂ ಹೊತ್ತು ಇಳಿಯುವಾಗ ಬತ್ತಿದ ಕೆರೆಗೆ ಬಂದು, ಸೊಂಟಕ್ಕೆ ಹಗ್ಗ ಕಟ್ಟಿ, ತುದಿಯನ್ನು ಕಂಬಕ್ಕೆ ಬಳಸಿ ಅವಳ ಕೈಗೆ ಕೊಟ್ಟು, ಕೆಳಗಿಳಿದು ಒಮ್ಮೆ ಜಗ್ಗುತ್ತಿದ್ದ. ಅವಳು ಬಿಡುತ್ತಿರಲಿಲ್ಲ. ಕತ್ತಲಾಗುವವರೆಗೂ ಅವನು ಜಗ್ಗುವನು, ಇವಳು ಅಳುತ್ತ ಹಿಡಿದಿರುವಳು. ಊರು ಅವಳನ್ನು ಬಿಡದಕ್ಕ ಎಂದು ಕರೆದದ್ದು ಹೊಗಳಿಕೆಯಿಂದಲ್ಲ. ಒಂಬತ್ತನೆಯ ವರ್ಷದ ಕೊನೆಗೆ ಒಂದು ಸಂಜೆ ಅವನು ಜಗ್ಗಿದಾಗ ಹಗ್ಗ ಸಡಿಲವಾಗಿ ಬಂತು. ಗಿಡ್ಡಯ್ಯ ತಿರುಗಿ ನೋಡಿ, "ಉಂಡ್ಯೇನವ್ವ?" ಎಂದು ಕೇಳಿದನಂತೆ. ಆ ವಾರವೇ ತೀರಿಕೊಂಡ.

ಶಶಿರೇಖಾಳ ನಗು ಆಗಲೇ ಇಂಗಿತ್ತು. ಈ ಕಥೆ ಯಾರದೆಂದು ತಿಳಿಯದಷ್ಟು ದಡ್ಡಿ ಅವಳಲ್ಲ.

"ಸೋಮವಾರ ಹೋಗಾನ ಅಪ್ಪ. ಇದೊಂದ್ಸಲ," ಎಂದಳು. ಅವಳಿಗೆ ಸಿಟ್ಟೂ ಬಂದಿತ್ತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆ.

"ಸಾಕಾಗೈತೆ ಕಣವ್ವ. ಮನೇಲಿ, ಕಿಟಕಿ ಪಕ್ಕ ಮಲಗ್ತೀನಿ. ನಿನ್ ಡ್ಯೂಟಿ ಮುಗಿಸ್ಕಂಡು ಬಾ, ಎಲ್ಲೆಲ್ಲಿ ಯಾರ್ ಹತ್ತಿದ್ರು ಅಂತ ಹೇಳು. ಅಷ್ಟೇ ನಂಗೆ ಬೇಕಾದ್ದು."

ಅವಳು ಅಪ್ಪನ ಮಣಿಕಟ್ಟು ಹಿಡಿದು ಎಬ್ಬಿಸಿದಳು. ಹಿಡಿತ ಬಿಗಿಯಾಗಿತ್ತು, ಎಲುಬು ಅವಳ ಬೆರಳಿಗೆ ಸಿಗುತ್ತಿತ್ತು. ಮೇಷ್ಟ್ರು ಕೈಯನ್ನು ಮೆಲ್ಲಗೆ ಒಮ್ಮೆ ಜಗ್ಗಿದರು. ಒಮ್ಮೆಯೇ. ಅವಳು ಕಾದಳು. ಇನ್ನೊಂದು ಸಲ ಜಗ್ಗಲೆಂದು ಇದ್ದಬದ್ದ ದೇವರನ್ನೆಲ್ಲ ಬೇಡಿಕೊಂಡಳು. ಜಗ್ಗಲಿಲ್ಲ. ಕುರಿಗಳು ಕೆರೆಯಂಗಳ ದಾಟಿ ಆಚೆ ಹೋದವು. ಆಮೇಲೆ ಅವಳ ಬೆರಳುಗಳು ಒಂದೊಂದಾಗಿ ಸಡಿಲವಾದವು.

"ಹಸಿವಾಯ್ತೇನವ್ವ?" ಎಂದರು ಮೇಷ್ಟ್ರು.

ಆ ಸೋಮವಾರ ಅವರು ಆಸ್ಪತ್ರೆಗೆ ಹೋಗಲಿಲ್ಲ. ಯುಗಾದಿಗೆ ಮೂರು ದಿನ ಇರುವಾಗ ಮೇಷ್ಟ್ರು ಕಿಟಕಿ ಪಕ್ಕದಲ್ಲಿಯೇ ತೀರಿಕೊಂಡರು.

ಈಗ ಹೋದವರಿಗೂ ಕಾಣುವುದು ಮುರಿದ ಏರಿ, ಜಾಲಿಗಿಡ, ಎರಡು ಕಂಬ, ಹಗ್ಗ ತಿಂದ ಕಲ್ಲು. ಕಂಬದ ತುಂಬ ಹಳದಿ ದಾರಗಳು ಒಂದರ ಮೇಲೊಂದು ಬಿಗಿದುಕೊಂಡಿವೆ. ಎಡಗಂಬದ ಸವೆತದೊಳಗೆ ಮಾತ್ರ ಒಂದು ದಾರ ಸುಮ್ಮನೆ ಮಲಗಿದೆ. ಅದಕ್ಕೆ ಗಂಟಿಲ್ಲ.