ಹುಲ್ಲಿನ ಗಾಡಿಯವನು

ಸಂಗಯ್ಯ ಗುರುಗಳ ಬಳಿ ಕುಳಿತು ಕೇಳಿದ: "ಗುರುಗಳೇ, ನನ್ನ ತಮ್ಮ ಕೆಟ್ಟವರ ಜೊತೆ ಸೇರಿದ್ದ. ನಾನು ಒಂದಿಷ್ಟೂ ಸಡಿಲ ಬಿಡದೆ ತಡೆದೆ. ಪ್ರೀತಿಯಿಂದಲೇ ತಡೆದೆ. ಮಾಡಿದ್ದು ಸರಿಯಲ್ಲವೇ?"

ಗುರುಗಳು ಈ ಕತೆ ಹೇಳಿದರು.

ಒಂದು ಹಳ್ಳಿಯ ಹೊಳೆಗೆ ಮರದ ಸೇತುವೆಯಿತ್ತು. ಅದರ ಅಂಚಿಗೆ ಯಾವ ಆಸರೆಯೂ ಇರಲಿಲ್ಲ. ಒಮ್ಮೆ ಕುಂಬಾರನ ಗಾಡಿ ಜಾರಿ ಹೊಳೆಗೆ ಬಿತ್ತು. ಅವನು ಈಜಿ ಬದುಕಿದ. ನೊಗಕ್ಕೆ ಕಟ್ಟಿದ್ದ ಎತ್ತುಗಳು ಮುಳುಗಿದವು. ಊರವರು ಬಡಗಿಯನ್ನು ಕರೆದು, ಸೇತುವೆಗೆ ಕಟಕಟೆ ಕಟ್ಟಿಕೊಡು ಎಂದರು.

ಬಡಗಿ ಬಿದಿರಿನ ಕಟಕಟೆ ಕಟ್ಟಿದ. ಆದರೆ ಅದನ್ನು ನಂಬಿ ಜನರನ್ನು ಬಿಡಲು ಅವನಿಗೆ ಮನಸ್ಸಾಗಲಿಲ್ಲ. ಒಂದು ಹಳೆಯ ಗಾಡಿಗೆ ಮರಳಿನ ಚೀಲ ಹೇರಿ, ಎತ್ತು ಕಟ್ಟದೆ, ಇಳಿಜಾರಿನಿಂದ ಸೇತುವೆಯ ಮೇಲೆ ಓರೆಯಾಗಿ ಉರುಳಿಬಿಟ್ಟ. ಗಾಡಿ ಬಿದಿರನ್ನು ಸೀಳಿಕೊಂಡು ನೀರಿಗೆ ಹೋಯಿತು.

ಆಗ ಅವನು ದಪ್ಪ ಮತ್ತಿಮರದ ದಿಮ್ಮಿಗಳನ್ನು ನೆಟ್ಟು, ಕಬ್ಬಿಣದ ಪಟ್ಟಿ ಬಿಗಿದ. ಮತ್ತೊಂದು ಗಾಡಿ ಸಿದ್ಧವಾಯಿತು. ಅವನ ಹೆಂಡತಿ ಹುಲ್ಲಿನಲ್ಲಿ ಒಬ್ಬ ಗಾಡಿಯವನನ್ನು ಮಾಡಿ, ಗಂಡನ ರುಮಾಲನ್ನೇ ಅವನ ತಲೆಗೆ ಸುತ್ತಿ, ಗಾಡಿಯ ಮೇಲೆ ಕೂರಿಸಿದಳು. ಗಾಡಿ ಉರುಳಿ ಬಂದು ಬಡಿಯಿತು. ಕಟಕಟೆ ಅಲುಗಲಿಲ್ಲ. ಊರವರು ಕೇಕೆ ಹಾಕಿದರು. ಆದರೆ ಗಾಡಿ ನುಚ್ಚುನೂರಾಗಿತ್ತು. ಹುಲ್ಲಿನವನು ಕಟಕಟೆಯ ಮೇಲಿಂದ ಹಾರಿ ಹೊಳೆಗೆ ಬಿದ್ದಿದ್ದ.

ಹೆಂಡತಿ ನೀರಿಗಿಳಿದು ಅವನನ್ನು ಎತ್ತಿ ತಂದಳು. ಕತ್ತು ಮುರಿದು ಜೋತಾಡುತ್ತಿತ್ತು.

"ಕಟಕಟೆ ಗಟ್ಟಿಯಾಗಿದೆ," ಎಂದ ಬಡಗಿ.

"ಕಟಕಟೆಗೇನೂ ಆಗಿಲ್ಲ. ಇವನನ್ನು ನೋಡಿ," ಎಂದಳು ಅವಳು. "ಇವನ ಜಾಗದಲ್ಲಿ ನೀವಿದ್ದಿದ್ದರೆ ನಾನೇನು ಮಾಡಬೇಕಿತ್ತು?"

ಬಡಗಿ ಒದ್ದೆ ರುಮಾಲನ್ನು ಬಿಚ್ಚಿ ಹಿಂಡಿದ. ಮರುದಿನ ತಾನೇ ನೆಟ್ಟ ದಿಮ್ಮಿಗಳನ್ನು ಕಿತ್ತ. ತುಸು ಬಾಗುವಂಥ ಕಂಬಗಳನ್ನು ನೆಟ್ಟು, ಗಾಲಿಯ ಎತ್ತರಕ್ಕೆ ನುಣುಪಾದ ಉದ್ದ ತೊಲೆಯನ್ನು ಕೂಡಿಸಿದ. ಹೆಂಡತಿ ಹುಲ್ಲಿನವನ ಕತ್ತು ಕಟ್ಟಿ ಇನ್ನೊಂದು ಗಾಡಿಯ ಮೇಲೆ ಕೂರಿಸಿದಳು. ಈ ಸಲ ಗಾಡಿ ಬಡಿದಾಗ ಕಟಕಟೆ ಕಿರ್ರೆಂದು ಬಾಗಿತು. ಗಾಲಿ ತೊಲೆಯನ್ನು ಉಜ್ಜಿಕೊಂಡು ಸಾಗಿ, ಗಾಡಿ ಸೇತುವೆಯ ಮೇಲೆಯೇ ನಿಂತಿತು. ಹುಲ್ಲಿನವನು ಒಂದು ಕಡೆ ವಾಲಿಕೊಂಡು ಕೂತೇ ಇದ್ದ. ಹೆಂಡತಿ ನಕ್ಕಳು.

ಮಂಜು ಕವಿದ ಒಂದು ಬೆಳಿಗ್ಗೆ ಕುಂಬಾರನ ಹೊಸ ಎತ್ತುಗಳು ಸೇತುವೆಯ ಮೇಲೆ ಬೆದರಿದವು. ಗಾಡಿ ಕಟಕಟೆಗೆ ಬಡಿದು, ತಿರುಗಿ, ದಾರಿಗೆ ಬಂತು. ಕುಂಬಾರ ನೇರ ಬಡಗಿಯ ಮನೆಗೆ ಬಂದು, "ನಿನ್ನ ತೊಲೆ ಸೀಳಿಹೋಯಿತಪ್ಪಾ," ಎಂದ ಸಂಕೋಚದಿಂದ. ಬಡಗಿ ತೊಲೆಯ ಮಾತೇ ಎತ್ತಲಿಲ್ಲ. ಎತ್ತುಗಳ ಮೈ ಸವರಿ ನೋಡಿದ, ಕುಂಬಾರನ ಕೈಕಾಲು ಮುಟ್ಟಿ ನೋಡಿದ, ಒಳಗೆ ಕರೆದು ಊಟಕ್ಕೆ ಕೂರಿಸಿದ.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ತಡೆದದ್ದು ತಪ್ಪಲ್ಲ, ಅಲ್ಲವೇ?" ಎಂದ ಸಂಗಯ್ಯ.

ಗುರುಗಳು ಅವನ ಹೆಗಲ ಮೇಲೆ ಕೈಯಿಟ್ಟರು. "ತಪ್ಪಲ್ಲ ಮಗು, ನಿನ್ನ ತಮ್ಮ ಈಗ ಎಲ್ಲಿದ್ದಾನೆ?"

ಸಂಗಯ್ಯನಿಗೆ ಗೊತ್ತಿರಲಿಲ್ಲ.